ಓದುಗರ ಪ್ರಶ್ನೆ: ಕಾಡಿಗೆ ಕಾವಲು ಯಾರು?

ಪ್ರಶ್ನೆ: ನನ್ನ ಊರು ಶಿರಸಿಯ ಬಳಿ. ರಜೆಗೆ ಹೋದಾಗಲೆಲ್ಲ ಸೊಪ್ಪಿನ ಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು) ಇನ್ನಷ್ಟು ಬೋಳಾಗಿರುತ್ತದೆ. ಮಹಾರಾಷ್ಟ್ರದಲ್ಲಿ ಹಳ್ಳಿಗರ ಕೈಗೇ ಕಾಡು ಕೊಡುತ್ತಾರಂತೆ. ಕುರಿ ಕಾಯಲು ತೋಳವನ್ನು ನೇಮಿಸಿದಂತಲ್ಲವೇ?
– ಓದುಗರೊಬ್ಬರು, ಕಾತ್ರಜ್, ಪುಣೆ

ಉತ್ತರ: ತೋಳ ಯಾರೆಂದು ಮೊದಲು ಗೊತ್ತುಮಾಡಿಕೊಳ್ಳೋಣ, ರಾಯರೇ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಗೊಂಡ ಆದಿವಾಸಿಗಳ ಊರು. ಅಲ್ಲಿಯ ಬಿದಿರನ್ನು ಕಾಗದದ ಕಾರ್ಖಾನೆಗೆ ಗುತ್ತಿಗೆ ಕೊಟ್ಟಿದ್ದು ಹಳ್ಳಿಗರಲ್ಲ, ಸರಕಾರ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಸಾಮುದಾಯಿಕ ಹಕ್ಕು ಊರಿಗೆ ಸಿಕ್ಕಿತು. ಆದರೂ ಅವರು ಬಿದಿರು ಮಾರಲು ಹೊರಟಾಗ ಇಲಾಖೆ ಸಾಗಣೆಯ ರಹದಾರಿ ಕೊಡಲಿಲ್ಲ. 2006ರ ಕಾಯ್ದೆ ಬಿದಿರನ್ನು ಹಳ್ಳಿಗರು ಮಾರಬಹುದಾದ ಕಿರು ಅರಣ್ಯ ಉತ್ಪನ್ನವೆಂದರೆ, 1927ರ ಭಾರತೀಯ ಅರಣ್ಯ ಕಾಯ್ದೆ ಅದನ್ನು ಮರವೆಂದಿತ್ತು! ಕೊನೆಗೆ 2011ರ ಏಪ್ರಿಲ್‌ನಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಆ ಊರಿಗೇ ಹೋಗಿ, ರಹದಾರಿ ಬರೆಯುವ ಅಧಿಕಾರವನ್ನು ಗ್ರಾಮಸಭೆಗೆ ಒಪ್ಪಿಸಿದರು.

ಅಲ್ಲಿ ಬಹುಮತದ ಲೆಕ್ಕವಿಲ್ಲ. ಎಲ್ಲರೂ ಒಪ್ಪುವವರೆಗೆ ಚರ್ಚೆ. (ನಮ್ಮ ಡೊಂಬಿವಲಿಯ ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಟ್ಯಾಂಕ್ ತೊಳೆಸುವುದಕ್ಕೂ ಒಮ್ಮತ ಹುಟ್ಟುವುದಿಲ್ಲ.) ಮುಂದಿನ ವರ್ಷದ ಬಿದಿರೂ ತಮ್ಮದೇ ಎಂಬ ಭರವಸೆಯಿದ್ದವರು ಇಂದೇ ಎಲ್ಲವನ್ನೂ ಕಡಿಯುವುದಿಲ್ಲ. ನಾಳೆ ಯಾರ ಪಾಲೋ ಎಂಬ ಅನುಮಾನವಿದ್ದಲ್ಲಿ ಕೊಡಲಿಗೆ ಅವಸರ.

ನಿಮ್ಮ ಬೆಟ್ಟದ ಸ್ಥಿತಿ ಬೇರೆ. ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಅಡಿಕೆ ತೋಟದವರದು, ಭೂಮಿ ಸರಕಾರದ್ದು. ಊರು ಒಟ್ಟಾಗಿ ಕೂತು ನಿಯಮ ಮಾಡದಿದ್ದರೆ ಕಾಯುವವರು ಯಾರೂ ಇರುವುದಿಲ್ಲ. ಹಾಗೆಂದು ಹಕ್ಕುಪತ್ರ ಬಂದೊಡನೆ ಎಲ್ಲ ಊರೂ ಮೇಂಢಾ ಆಗುತ್ತದೆಂದು ನಾನು ನಂಬುವುದಿಲ್ಲ. ಮೇಂಢಾದವರು ಹಕ್ಕುಪತ್ರಕ್ಕೆ ಬಹಳ ಮೊದಲೇ ಸಭೆ ಸೇರುವುದನ್ನು ರೂಢಿಸಿಕೊಂಡಿದ್ದರು.

ಸಾಮುದಾಯಿಕ ಹಕ್ಕಿನ ಅರ್ಜಿ ಗ್ರಾಮಸಭೆಯಿಂದಲೇ ಹೊರಡಬೇಕು. ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿ ಬದುಕಿದ್ದನ್ನು ತೋರಿಸಬೇಕು. ಊರಿನ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವಾಗುತ್ತದೆ. ಮುಂದಿನ ರಜೆಗೆ ಹೋದಾಗ ಅದನ್ನು ಬರೆಸಿಕೊಳ್ಳಲು ಶುರುಮಾಡಿ.