ಲ್ಯಾಬಿನಲ್ಲಿ ಬೆಳೆಸಿದ ಚರ್ಮ ಗಾಯದ ಮೇಲೆ ಹಾಕಿದರೆ ಅಲ್ಲೇ ಉಳಿಯುತ್ತಾ?

ತಂದೆಯವರಿಗೆ ಸಕ್ಕರೆ ಕಾಯಿಲೆ, ಪಾದದ ಹುಣ್ಣು ತಿಂಗಳುಗಟ್ಟಲೆ ಮಾಯುತ್ತಿಲ್ಲ, ಲ್ಯಾಬಿನಲ್ಲಿ ಬೆಳೆಸಿದ ಚರ್ಮ ಹಾಕಿಸಿದರೆ ಅದು ಅವರದೇ ಚರ್ಮವಾಗಿ ಉಳಿಯುತ್ತಾ ಅಂತ ಕೇಳಿದ್ದೀರಿ. ಇಂಥ ಹುಣ್ಣಿಗೆ ಹಾಕುವುದು ಉಳಿಯೋದಿಲ್ಲ. ಉಳಿಯಲಿ ಅಂತ ಅದನ್ನು ಹಾಕೋದೂ ಇಲ್ಲ.

ನಾನು ಡಾಕ್ಟರ್ ಅಲ್ಲ. ಕೆಲವು ವರ್ಷ ಲ್ಯಾಬಿನಲ್ಲಿ ಚರ್ಮದ ಜೀವಕೋಶ ಬೆಳೆಸುವ ಕೆಲಸ ಮಾಡಿದ್ದೆ. ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗೆ ಇದು ಅಂತ ಶುರುವಿನಲ್ಲಿ ನಾನೂ ಅಂದುಕೊಂಡಿದ್ದೆ.

ಆಪ್ಲಿಗ್ರಾಫ್ ಅಂತ ಲ್ಯಾಬಿನಲ್ಲಿ ಬೆಳೆಸಿದ ಚರ್ಮ ಒಂದಿದೆ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆ ಇದನ್ನು ಬಳಸಲು 2000ದಲ್ಲಿ ಒಪ್ಪಿಗೆ ಸಿಕ್ಕಿತು. ಕೆಳಗೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೊಟೀನ್, ಅಂದರೆ ದನದ ಕೊಲಾಜೆನ್‌, ಅದರೊಳಗೆ ಫೈಬ್ರೋಬ್ಲಾಸ್ಟ್ (ಚರ್ಮದ ಒಳಪದರದ) ಕೋಶಗಳು, ಮೇಲೆ ಕೆರಾಟಿನೋಸೈಟ್ (ಚರ್ಮದ ಮೇಲ್ಪದರದ) ಕೋಶಗಳ ಪದರ. ಕೋಶಗಳೆಲ್ಲ ಹಸುಗೂಸುಗಳ ಸುನ್ನತಿಯಲ್ಲಿ ತೆಗೆದ ಚರ್ಮದಿಂದ ಬಂದವು. ಅಂದರೆ ಬೇರೆಯವರ ಕೋಶ. ಗಾಯದ ಮೇಲೆ ಕೆಲವು ವಾರ ಬದುಕಿರುತ್ತವೆ, ಆಮೇಲೆ ಇಲ್ಲವಾಗುತ್ತವೆ. ಗಾಯ ಮಾಯಲಿ ಅಂತ ಹಾಕಿದ್ದು ತಾನೇ ಮಾಯ!

ಹಾಗಾದರೆ ಲಾಭ ಏನು? ಹಳೇ ಹುಣ್ಣು ಊತದ ಹಂತದಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಅಂಚಿನ ಕೋಶಗಳು ಮುಂದಕ್ಕೆ ಸರಿಯೋದಿಲ್ಲ. ಹೊರಗಿನಿಂದ ಹಾಕಿದ ಕೋಶಗಳು ಅಲ್ಲಿ ಕೂತು, ಬೆಳೆಯಿರಿ ಅಂತ ಹೇಳುವ ಪ್ರೊಟೀನ್‌ಗಳನ್ನು ಸುರಿಸುತ್ತಾ ಇರುತ್ತವೆ. ಕೊನೆಗೆ ಹುಣ್ಣನ್ನು ಮುಚ್ಚೋದು ನಿಮ್ಮ ತಂದೆಯವರ ಸ್ವಂತ ಚರ್ಮವೇ. ಒಂಥರಾ ಜೀವ ಇರುವ ಔಷಧಿ ಅನ್ನಿ.

ಸುಟ್ಟ ಗಾಯದ ಕಥೆಯೇ ಬೇರೆ. ಮೈಯೆಲ್ಲ ಸುಟ್ಟಾಗ ತೊಡೆಯಿಂದ ಚರ್ಮ ತೆಗೆದು ಹಾಕೋಣ ಅಂದರೆ ತೊಡೆಯಲ್ಲೂ ಚರ್ಮ ಇರೋದಿಲ್ಲ. ಆಗ ರೋಗಿಯದೇ ಸ್ಟಾಂಪಿನಷ್ಟು ಚರ್ಮ ತೆಗೆದು ಬೆಳೆಸುತ್ತಾರೆ. ವಿಜ್ಞಾನಿಗಳಾದ ಹೌವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ 1975ರಲ್ಲಿ ಇದರ ದಾರಿ ತೋರಿಸಿದರು. ಚರ್ಮದ ಕೋಶ ಒಂಟಿಯಾಗಿ ಬೆಳೆಯೋದಿಲ್ಲ ಅಂತ ಕೆಳಗೆ ಇಲಿಯ ಕೋಶಗಳ ಹಾಸು ಹಾಕಿದರು. ಮೂರು ವಾರದ ಆಸುಪಾಸಿನಲ್ಲಿ ಹಾಳೆಗಳು ಸಿದ್ಧ. ಸ್ವಂತ ಕೋಶ, ಹಾಗಾಗಿ ಅಂಟಿಕೊಂಡರೆ ಉಳಿಯುತ್ತದೆ. ಅಂಟಿಕೊಳ್ಳೋದೇ ಕಷ್ಟ. ತಟ್ಟೆಯಿಂದ ಬಿಡಿಸಿದ ಕೂಡಲೇ ಹಾಳೆ ಕುಗ್ಗಿ ಚಿಕ್ಕದಾಗುತ್ತದೆ, ಒದ್ದೆ ಟಿಶ್ಯೂ ಪೇಪರಿನ ಹಾಗೆ ಮುದುಡುತ್ತದೆ. ನನ್ನ ಕೈಯಲ್ಲೇ ಎಷ್ಟು ಹರಿದಿವೆಯೋ ಲೆಕ್ಕವಿಲ್ಲ. ಗಾಯದ ಮೇಲೆ ಕೂತ ಮೇಲೂ ಬೇರು ಗಟ್ಟಿಯಾಗಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಸುಮ್ನೆ ಉಜ್ಜಿದರೂ ಗುಳ್ಳೆ ಏಳುತ್ತದೆ.

ಕಾರಣ, ಈ ಹಾಳೆ ಬರೀ ಮೇಲ್ಪದರ. ಒಳಪದರಕ್ಕೆ ಇಂಟೆಗ್ರಾ ಅಂತ ಒಂದಿದೆ. ಅದರಲ್ಲಿ ಜೀವಕೋಶವೇ ಇಲ್ಲ. ದನದ ಕೊಲಾಜೆನ್, ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ವಸ್ತು, ಮೇಲೆ ಸಿಲಿಕೋನ್ ಹೊದಿಕೆ, ಅಷ್ಟೇ. ಬಳ್ಳಿಗೆ ಚಪ್ಪರ ಹಾಕಿದ ಹಾಗೆ. ಗಾಯದ ತಳದಿಂದ ಕೋಶಗಳು, ರಕ್ತನಾಳಗಳು ಅದರೊಳಗೆ ಹಬ್ಬುತ್ತವೆ, ಚಪ್ಪರ ನಿಧಾನವಾಗಿ ಕರಗುತ್ತದೆ. ಆಮೇಲೆ ಸಿಲಿಕೋನ್ ಕಿತ್ತು ತೆಳ್ಳಗೆ ಚರ್ಮ ಹಾಕುತ್ತಾರೆ. ನನಗೆ ಈ ಎಲ್ಲದರಲ್ಲಿ ಹೆಚ್ಚು ಜಾಣತನ ಕಂಡದ್ದು ಇದರಲ್ಲೇ.

ಜರ್ಮನಿಯಲ್ಲಿ 2015ರಲ್ಲಿ ಆನುವಂಶಿಕ ಚರ್ಮರೋಗದ ಒಬ್ಬ ಹುಡುಗನಿಗೆ, ಅವನದೇ ಕೋಶಗಳ ಜೀನ್ ಸರಿಪಡಿಸಿ, ಮೈಯ ಸುಮಾರು 80% ಭಾಗಕ್ಕೆ ಹೊಸ ಮೇಲ್ಪದರ ಹಾಕಿದರು. ಅದು ಉಳಿಯಿತು. ಅವೆಲ್ಲ ಅಪರೂಪ, ನಿಮ್ಮ ತಂದೆಯವರ ಹುಣ್ಣಿಗೆ ಸಂಬಂಧವಿಲ್ಲ.

ಅವರ ವಿಷಯಕ್ಕೆ ಬಂದರೆ, ಮೊದಲು ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಅಂತ ನೋಡಿಸಿ. ಸತ್ತ ಮಾಂಸ ತೆಗೆದು, ಸೋಂಕು ಹೋಗಿಸಿ, ಪಾದದ ಮೇಲೆ ಭಾರ ಬೀಳದ ಹಾಗೆ ಮಾಡಬೇಕು. ಇಷ್ಟೆಲ್ಲ ನಾಲ್ಕು ವಾರ ಸರಿಯಾಗಿ ಮಾಡಿಯೂ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ಇಂಥದ್ದನ್ನು ಯೋಚಿಸುತ್ತಾರೆ. ಕೀವು ಇರುವ ಹುಣ್ಣಿಗೆ ಆಪ್ಲಿಗ್ರಾಫ್ ಹಾಕೋದಿಲ್ಲ, ದನದ ಕೊಲಾಜೆನ್ ಅಲರ್ಜಿ ಇದ್ದವರಿಗೂ ಇಲ್ಲ. ಡಾಕ್ಟರ್ ಬೇರೆ ಯಾವುದಾದರೂ ಹೆಸರು ಹೇಳಿದರೆ ಎರಡೇ ಪ್ರಶ್ನೆ ಕೇಳಿ: ಅದರಲ್ಲಿ ಜೀವಕೋಶ ಇದೆಯಾ, ಇದ್ದರೆ ಯಾರದ್ದು?