ಮೊಣಕಾಲುದ್ದದ ನೀರೆಂದು ಎದ್ದು ನಿಲ್ಲಬೇಡಿ

ಸಾಲು ರಜೆ ಹತ್ತಿರ ಬಂತೆಂದರೆ ರಾಫ್ಟಿಂಗ್ ಕುರಿತ ಪತ್ರಗಳು ಬರತೊಡಗುತ್ತವೆ. ಪ್ರತಿ ಸಲವೂ ಅವೇ ನಾಲ್ಕೈದು ಪ್ರಶ್ನೆಗಳು. ಹುಟ್ಟು ಹಿಡಿಯುವುದು ಹೇಗೆ, ದೋಣಿಯಲ್ಲಿ ಕೂರುವುದು ಎಲ್ಲಿ ಎಂಬುದನ್ನು ನಿಮ್ಮ ಗೈಡ್ ದಡದಲ್ಲೇ ಹೇಳಿಕೊಡುತ್ತಾರೆ. ಅದಕ್ಕೆ ಇಲ್ಲಿ ಜಾಗ ಕೊಡುವುದಿಲ್ಲ.

ಪ್ರಶ್ನೆ: ನಾವು ಎಂಟು ಮಂದಿ ಗೆಳೆಯರು ಮೂರು ದಿನಗಳ ರಜೆಯಲ್ಲಿ ಮೊದಲ ಬಾರಿ ರಾಫ್ಟಿಂಗ್‌ಗೆ ಹೋಗುತ್ತಿದ್ದೇವೆ. ಎಲ್ಲರಿಗೂ ಈಜು ಬರುತ್ತದೆ. ಆ ನದಿಯಲ್ಲಿ ಹಲವು ಕಡೆ ನೀರು ಮೊಣಕಾಲುದ್ದ ಮಾತ್ರ ಇದೆಯಂತೆ. ಬಿದ್ದರೆ ಎದ್ದು ನಿಂತು ದಡಕ್ಕೆ ನಡೆದರೆ ಸಾಲದೆ? ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಲೇಬೇಕೆ?

ಉತ್ತರ: ನಿಲ್ಲಬೇಡಿ. ಆಳವಾದ ಮಡುವಿನಲ್ಲಿ ಬಿದ್ದವರಿಗಿಂತ ಮೊಣಕಾಲುದ್ದದ ಸೆಳವಿನಲ್ಲಿ ಎದ್ದು ನಿಲ್ಲಲು ಹೋಗುವವರ ಬಗ್ಗೆಯೇ ನನಗೆ ಹೆಚ್ಚು ಭಯ.

ನದಿಯ ತಳ ಈಜುಕೊಳದ ತಳದಂತೆ ಸಮನಾಗಿರುವುದಿಲ್ಲ. ಬಂಡೆಗೆ ಬಂಡೆ ಒತ್ತಿಕೊಂಡು, ನಡುವೆ ಪಾದ ಹಿಡಿಸುವಷ್ಟು ಸಂದುಗಳಿರುತ್ತವೆ. ಓಡುವ ನೀರಿನಲ್ಲಿ ಕಾಲೂರಿದರೆ ಪಾದ ಅಂಥ ಸಂದಿಗೆ ಇಳಿಯುತ್ತದೆ. ಹಿಂದಿನಿಂದ ನುಗ್ಗುವ ನೀರು ಬೆನ್ನನ್ನು ಮುಂದಕ್ಕೆ ನೂಕುತ್ತದೆ, ಪಾದ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ದೇಹ ಸೊಂಟದಲ್ಲಿ ಮಡಚಿ ಮುಖ ನೀರೊಳಗೆ ಹೋಗುತ್ತದೆ. ಸೆಕೆಂಡಿಗೆ 2 ಮೀಟರ್ ಎಂದರೆ ಬಿರುಸಿನ ನಡಿಗೆಯ ವೇಗ. ಅಷ್ಟೇ ವೇಗದ ನೀರು ಅರ್ಧ ಚದರ ಮೀಟರ್ ಮೈಗೆ ತಾಗಿದರೆ ಹತ್ತಿರಹತ್ತಿರ 100 ಕಿಲೋ ಭಾರ ಒತ್ತಿದಂತೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಈ ಭಾರದ ಎದುರು ನಿಮ್ಮ ಈಜು ಯಾವ ಕೆಲಸಕ್ಕೆ ಬರುತ್ತದೆ? ಕಾಲು ಸಿಕ್ಕವನಿಗೆ ಈಜಲು ಅವಕಾಶವೇ ಇರುವುದಿಲ್ಲ.

ಒಬ್ಬ ಯುವಕನನ್ನು ಹಾಗೆ ಸಿಕ್ಕ ಸ್ಥಿತಿಯಿಂದ ಬಿಡಿಸಿದ್ದೇವೆ. ನೀರು ಅವನ ತೊಡೆಯವರೆಗೂ ಇರಲಿಲ್ಲ. ಎರಡೂ ದಡಗಳಿಂದ ಹಗ್ಗ ಹಿಡಿದು ಅವನ ಎದೆಯಡಿಗೆ ತಂದು, ಮೊದಲು ಮುಖವನ್ನು ನೀರಿನಿಂದ ಮೇಲೆತ್ತಿ, ಆಮೇಲೆ ಹರಿವಿಗೆ ಎದುರಾಗಿ ಎಳೆದಾಗ ಕಾಲು ಬಂತು, ಶೂ ಬರಲಿಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದೆ. ಶೂ ಎರಡು ಬಂಡೆಗಳ ನಡುವೆ ಹಿಮ್ಮಡಿಯವರೆಗೆ ಹೂತಿತ್ತು, ಲೇಸಿನ ಗಂಟು ಕಟ್ಟಿದ ಹಾಗೆಯೇ ಇತ್ತು. ಅವನು ಒಳ್ಳೆಯ ಈಜುಗಾರನಾಗಿದ್ದ.

ಹಾಗಾದರೆ ಬಿದ್ದಾಗ ಏನು ಮಾಡಬೇಕು? ಅಂಗಾತ ಮಲಗಿ, ಪಾದಗಳನ್ನು ನೀರು ಹರಿಯುವ ದಿಕ್ಕಿಗೆ ಚಾಚಿ, ಕಾಲ್ಬೆರಳುಗಳು ನಿಮ್ಮ ಕಣ್ಣಿಗೆ ಕಾಣುವಂತೆ ಮೇಲೆತ್ತಿ. ಮೊಣಕಾಲು ಸ್ವಲ್ಪ ಬಾಗಿರಲಿ. ಬಂಡೆ ಎದುರಾದರೆ ಪಾದದಿಂದ ಒದ್ದು ಸರಿಯಿರಿ. ಬಂಡೆಯ ಹಿಂದೆ ನೀರು ಹಿಂದಕ್ಕೆ ತಿರುಗಿ ಶಾಂತವಾಗಿರುವ ಜಾಗ ಕಂಡರೆ, ಬೋರಲಾಗಿ ಮಗುಚಿ ಅದರತ್ತ ಬಲವಾಗಿ ಈಜಿ. ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಿರಿ, ಅದರ ಚೀಲವನ್ನಲ್ಲ. ಚೀಲದೊಳಗೆ ಇನ್ನೂ ಬಿಚ್ಚದ ಹಗ್ಗವಿರಬಹುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಅಂಗೈಗಳು ತಳಕ್ಕೆ ತಾಗುವವರೆಗೆ ತೇಲುತ್ತಲೇ ಇರಿ, ಆಮೇಲೆ ತೆವಳಿಕೊಂಡು ದಡ ಸೇರಿ.

ಅಂಗಾತ ತೇಲುವ ನಿಯಮಕ್ಕೆ ಒಂದು ದೊಡ್ಡ ಅಪವಾದವಿದೆ. ನೀರಿಗೆ ಅಡ್ಡಬಿದ್ದ ಮರದ ಕೊಂಬೆಗಳು ನೀರನ್ನು ಬಿಟ್ಟು ದೇಹವನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತವೆ. ಮರದಿಂದ ದೂರ ಈಜಿ. ತಪ್ಪಿಸಿಕೊಳ್ಳಲು ಆಗದಿದ್ದರೆ ಬೋರಲಾಗಿ, ತಲೆ ಮುಂದಾಗಿ ವೇಗವಾಗಿ ಈಜಿ, ಕಾಂಡದ ಮೇಲೆ ಹತ್ತಿಬಿಡಿ. ಕಾಲು ಮುಂದಿಟ್ಟು ಹೋದರೆ ನೀರು ನಿಮ್ಮನ್ನು ಅದರ ಅಡಿಗೆ ತಳ್ಳುತ್ತದೆ.

ಇನ್ನು ಜಾಕೆಟ್. ನೊರೆಯೆದ್ದ ನೀರಿನಲ್ಲಿ ಗಾಳಿ ತುಂಬಿರುವುದರಿಂದ ದೇಹ ಅಲ್ಲಿ ಎಂದಿನಂತೆ ತೇಲುವುದಿಲ್ಲ. ಸಡಿಲ ಜಾಕೆಟ್ ನೀರಿಗೆ ಬಿದ್ದ ಕೂಡಲೇ ಕಿವಿಯವರೆಗೆ ಏರಿ ಕಣ್ಣು ಮುಚ್ಚುತ್ತದೆ, ಕೆಲವೊಮ್ಮೆ ತಲೆಯಿಂದ ಕಳಚಿಯೇ ಹೋಗುತ್ತದೆ. ಎಲ್ಲ ಪಟ್ಟಿಗಳನ್ನೂ ಬಿಗಿದ ಮೇಲೆ ಗೆಳೆಯನಿಗೆ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಗದ್ದ ದಾಟಿದರೆ ಇನ್ನೂ ಬಿಗಿಯಿರಿ, ಆಗಲೂ ದಾಟಿದರೆ ಬೇರೆ ಅಳತೆಯದನ್ನು ಕೇಳಿ. ಫೋಟೊಗಾಗಿ ಬಕಲ್ ಬಿಚ್ಚುವವರನ್ನು ನಾನು ದೋಣಿಯಿಂದ ಇಳಿಸಿಬಿಡುತ್ತೇನೆ.

ಪ್ರಶ್ನೆ: ಸ್ವಲ್ಪ ಮದ್ಯ ಕುಡಿದರೆ ಮೈ ಬೆಚ್ಚಗಾಗಿ ತಣ್ಣೀರಿನ ಭಯ ಹೋಗುತ್ತದೆಯಂತೆ, ನಿಜವೇ?

ಉತ್ತರ: ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ. ಬೆಚ್ಚಗಾಯಿತೆಂದು ಅನ್ನಿಸುವುದು ಚರ್ಮಕ್ಕೆ ಮಾತ್ರ.

ಪ್ರಶ್ನೆ: ಒಬ್ಬ ಗೆಳತಿ ಹೆದರಿ ಬರಲು ಒಲ್ಲೆ ಎನ್ನುತ್ತಿದ್ದಾಳೆ. ಒಪ್ಪಿಸುವುದು ಹೇಗೆ?

ಉತ್ತರ: ಒಪ್ಪಿಸಬೇಡಿ.

ಪ್ರಶ್ನೆ: ಮುಳುಗಿದವರನ್ನು ತಲೆಕೆಳಗು ಮಾಡಿ ಹೊಟ್ಟೆ ಅದುಮಿ ನೀರು ತೆಗೆಯಬೇಕೆಂದು ಒಬ್ಬರು ವಿಡಿಯೊದಲ್ಲಿ ತೋರಿಸಿದ್ದಾರೆ. ಕಲಿಯಬಹುದೇ?

ಉತ್ತರ: ಆ ವಿಡಿಯೊ ಮಾಡಿದವರ ಮೇಲೆ ನನಗೆ ಬಹಳ ಸಿಟ್ಟಿದೆ. ಹೊಟ್ಟೆ ಅದುಮಿದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರು ತೆಗೆಯುತ್ತ ಕೂತಷ್ಟು ಹೊತ್ತೂ ಮಿದುಳಿಗೆ ಆಮ್ಲಜನಕ ಇಲ್ಲ. ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತಿ, ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಉಸಿರು ಮರಳಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಇದನ್ನು ವಿಡಿಯೊ ನೋಡಿ ಕಲಿಯಬೇಡಿ, ಹೊರಡುವ ಮೊದಲು ಪ್ರಥಮ ಚಿಕಿತ್ಸೆಯ ತರಗತಿಗೆ ಹೋಗಿ, ಬೊಂಬೆಯ ಮೇಲೆ ಕೈಯಿಟ್ಟು ಕಲಿಯಿರಿ.

ಪ್ರಶ್ನೆ: ಮುಂಗಡ ಕಟ್ಟಿದ್ದೇವೆ, ಎಲ್ಲರಿಗೂ ರಜೆ ಸಿಕ್ಕಿರುವುದು ಇದೊಂದೇ ಸಲ. ರಾತ್ರಿ ಮಳೆಯಾದರೆ?

ಉತ್ತರ: ಹೋಗುವುದೋ ಬಿಡುವುದೋ ಎಂಬುದನ್ನು ನದಿಯ ಮಟ್ಟ ನೋಡಿ ತೀರ್ಮಾನಿಸಿ, ಮುಂಗಡ ನೋಡಿ ಅಲ್ಲ. ನದಿಯ ಕಷ್ಟವನ್ನು 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಹಿಂದಿನ ದಿನ 3ನೇ ದರ್ಜೆಯಲ್ಲಿದ್ದ ಹರಿವು ನೀರೇರಿದಾಗ 4ಕ್ಕೆ ಹೋಗಬಹುದು, ಅದು ಮೊದಲ ಬಾರಿ ಬಂದವರ ಜಾಗವಲ್ಲ. ಗೈಡ್ ಬೇಡವೆಂದರೆ ಚೌಕಾಸಿ ಮಾಡಬೇಡಿ. ಗೈಡ್ ಬನ್ನಿ ಎಂದರೂ ಒಮ್ಮೆ ನೀವೇ ನೋಡಿ: ಸಂಜೆಯೇ ನೀರಿನ ಅಂಚಿನಲ್ಲಿ ಒಂದು ಕೋಲು ನೆಡಿ. ಬೆಳಿಗ್ಗೆ ಅದರ ಬುಡ ಮುಳುಗಿ, ನೀರು ಕದಡಿ, ಕಸಕಡ್ಡಿ ಕೊಂಬೆಗಳು ತೇಲಿ ಬರುತ್ತಿದ್ದರೆ ಆ ದಿನ ದಡದಲ್ಲೇ ಇರಿ.