ಏಂಜೆಲ್ ಇರುವ ಟ್ಯಾಂಕಿನಲ್ಲಿ ಕೋರಿ ಮರಿಗಳು
ಮೊಟ್ಟೆಯೊಡೆದ ಮೂರೇ ದಿನಕ್ಕೆ ಕೋರಿ (ಕೋರಿಡೋರಸ್, ಟ್ಯಾಂಕಿನ ತಳದಲ್ಲಿ ಓಡಾಡುವ ಪುಟ್ಟ ಮೀನು) ಮರಿಗಳು ಮಾಯವಾದವು ಅಂದಿರಲ್ಲ, ತಿಂದಿರುವುದು ಬಹುಶಃ ನಿಮ್ಮ ಏಂಜೆಲ್ ಮೀನುಗಳೇ. ದೊಡ್ಡ ಕೋರಿಗಳು ಮೊಟ್ಟೆ ಸಿಕ್ಕರೆ ಬಿಡುವುದಿಲ್ಲ, ಮರಿಗಳನ್ನು ಅಟ್ಟಿಸಿಕೊಂಡು ಹೋಗುವುದು ಕಡಿಮೆ. ಕೆಲವು ಫಿಲ್ಟರ್ ಒಳಗೂ ಹೋಗಿರಬಹುದು, ಒಮ್ಮೆ ಬಿಚ್ಚಿ ನೋಡಿ. ಅದು ನೀರು ಹೀರುವ ಬಾಯಿಗೆ ಸ್ಪಂಜು ಕಟ್ಟಿ.

ಮುಂದಿನ ಸಲ ಗಾಜಿನ ಮೇಲೆ ಮೊಟ್ಟೆ ಕಂಡ ದಿನವೇ ಬೆರಳಿನಿಂದ ಮೆಲ್ಲಗೆ ಉರುಳಿಸಿ ತೆಗೆದು, ಅದೇ ಟ್ಯಾಂಕಿನೊಳಗೆ ತೂಗುಹಾಕುವ ಬಲೆಪೆಟ್ಟಿಗೆಗೆ ಹಾಕಿ. ಪಕ್ಕದಲ್ಲಿ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಇರಲಿ, ಬೂಸ್ಟು ಹಿಡಿದವನ್ನು ತೆಗೆದುಬಿಡಿ. 25 ಡಿಗ್ರಿ ಆಸುಪಾಸಿನಲ್ಲಿ 3ರಿಂದ 5 ದಿನಕ್ಕೆ ಒಡೆಯುತ್ತವೆ. ಹೊಟ್ಟೆಯ ಹಳದಿ ಚೀಲ ಕರಗುವವರೆಗೆ ಆಹಾರ ಬೇಡ. ಆಮೇಲೆ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ), ದಿನಕ್ಕೆ ಎರಡು-ಮೂರು ಸಲ, ಸ್ವಲ್ಪವೇ. ಮಿಕ್ಕಿದ್ದನ್ನು ಪಿಪೆಟ್‌ನಿಂದ ಹೀರಲೇಬೇಕು, ತಳ ಕೊಳೆತರೆ ಮರಿ ಉಳಿಯುವುದಿಲ್ಲ. ಒಂದಂಗುಲ ಆಗುವ ತನಕ ಪೆಟ್ಟಿಗೆಯಿಂದ ಹೊರಗೆ ಬಿಡಬೇಡಿ.